ಒಂಬತ್ತಡಿಗೊಂದು ಮೆಣಸಿನ ಗಿಡ

ಭಂಡಿಗಡಿ ಸುತ್ತಮುತ್ತ ರಂಗಪ್ಪ ಕೈಯಾಡಿಸದ ಅಡಿಕೆ ತೋಟ ಕಡಿಮೆ. ಮೀಸೆ ಮೂಡುವ ಮೊದಲೇ ಹಾರೆ ಹಿಡಿದವನು ಮೀಸೆ ಪೂರ್ತಿ ಬೆಳ್ಳಗಾಗುವವರೆಗೂ ಬೇರೆಯವರ ಜಾಗದಲ್ಲಿ ಗುಂಡಿ ತೆಗೆದ, ಸಸಿ ಇಟ್ಟ, ಕಾಲುವೆ ಬಿಡಿಸಿದ. ಇಷ್ಟೆಲ್ಲ ಮಾಡಿದ ಮನುಷ್ಯ ಜನ್ಮದಲ್ಲಿ ಒಂದು ಮೆಣಸಿನ ಗಿಡ ನೆಟ್ಟವನಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ನಿಜ. ದಿನವಿಡೀ ಕೂಲಿ ಮಾಡಿ ಬಂದವನು ಸಂಜೆ ಮನೆಯಲ್ಲಿ ಮತ್ತೆ ಗುದ್ದಲಿ ಹಿಡಿಯುತ್ತಾನೆಯೆ?

ಹೋದ ದೀಪಾವಳಿ ಹೊತ್ತಿಗೆ ಅವನ ಮಂಡಿ ಕೈಕೊಟ್ಟಿತು. ಗುಡ್ಡ ಹತ್ತಿಳಿಯುವ ಕೆಲಸ ಇನ್ನು ಬೇಡ ಎಂದು ಡಾಕ್ಟರು ಹೇಳಿದರು, ಮಗ ಕುಮಾರನೂ ಹೇಳಿದ. ಕುಮಾರ ಕೊಪ್ಪದಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ, ಹಾಗಾಗಿ ಊಟಕ್ಕೆ ತೊಂದರೆಯಿರಲಿಲ್ಲ. ತೊಂದರೆಯಿದ್ದದ್ದು ಹೊತ್ತು ಕಳೆಯುವುದಕ್ಕೆ. ಬೆಳಗಾದರೆ ಜಗಲಿಯಲ್ಲಿ ರಸ್ತೆ ಕಡೆ ಮುಖ ಮಾಡಿ ಕೂರುತ್ತಿದ್ದ, ಬಿಸಿಲು ಬಂದರೆ ಗೋಡೆ ಕಡೆ ತಿರುಗಿ ಕೂರುತ್ತಿದ್ದ. ಹೆಂಡತಿ ಭೈರಮ್ಮ ಇನ್ನೂ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಬುತ್ತಿ ಕಟ್ಟಿಕೊಂಡು ಮೆಟ್ಟಿಲಿಳಿಯುವಾಗ ಅವನಿಗೆ ತಲೆ ಎತ್ತಿ ನೋಡಲು ನಾಚಿಕೆಯಾಗುತ್ತಿತ್ತು.

ಮನೆಯ ಹಿಂದೆ ಬೇಲಿಯೊಳಗೆ ಒಂದಿಷ್ಟು ಜಾಗ ಖಾಲಿ ಬಿದ್ದಿತ್ತು. ಅದರ ಮೇಲೆ ಭೈರಮ್ಮನಿಗೆ ಬಹಳ ದಿನದಿಂದ ಕಣ್ಣು. ಪ್ರತಿ ಮಳೆಗಾಲ ಹಸಿ ಸೌದೆ ಊದಿ ಊದಿ ಹೊಗೆ ಕುಡಿದು ಅವಳಿಗೆ ಸಾಕಾಗಿಹೋಗಿತ್ತು. ಅಲ್ಲೊಂದು ಸೌದೆ ಕೊಟ್ಟಿಗೆ ಆಗಬೇಕೆಂದು ಮಗನಿಗೆ ಹೇಳಿಟ್ಟಿದ್ದಳು. ಹಳೇ ಶೀಟು ಸಿಕ್ಕಿದೆ, ಭಾನುವಾರ ತಂದು ಹಾಕಿಕೊಡುತ್ತೇನೆ ಎಂದು ಕುಮಾರ ಫೋನಿನಲ್ಲಿ ಹೇಳಿದ. ಅದೇ ಸಂಜೆ ರಂಗಪ್ಪನಿಗೆ ಎಂದೂ ಇಲ್ಲದ ಆಸೆ ಹುಟ್ಟಿತು.

“ಹಿತ್ಲಲ್ಲಿ ನಾನು ತರಕಾರಿ ಮಾಡ್ತೀನಿ,” ಎಂದ.

“ಯಾರು, ನೀವಾ?”

“ಮತ್ಯಾರು ಇದಾರೆ ಇಲ್ಲಿ?”

ಭೈರಮ್ಮನಿಗೆ ನಗು ಬಂತು. ಜಗಲಿಯ ಮೇಲೆ ಅವನು ಕೂತ ಕಡೆ ಗೋಡೆಗೆ ತಲೆಯ ಎಣ್ಣೆ ಹತ್ತಿ ಕಪ್ಪಗಾದದ್ದು ಕಂಡು ನಗು ನುಂಗಿಕೊಂಡಳು. “ಆಗ್ಲಿ ಮಾರಾಯ್ರೆ. ಭಾನುವಾರ ಕುಮಾರ ಬರೋದ್ರೊಳಗೆ ಅದು ತರಕಾರಿ ಜಾಗ ಅಂತ ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ನನ್ ಸೌದೆಗೆ.”

ಮರುದಿನ ಅವಳು ಅತ್ತ ಹೋದದ್ದೇ ತಡ, ರಂಗಪ್ಪ ಹಾರೆ ಗುದ್ದಲಿ ತೊಳೆದು, ಹಗ್ಗ ಹುಡುಕಿ, ಗೂಟ ಕೆತ್ತಿ ಹಿತ್ತಲಿಗಿಳಿದ. ಮಂಡಿಯ ತಕರಾರು ಗುಡ್ಡದ ಜೊತೆ ಮಾತ್ರ. ಸಮತಟ್ಟಿನಲ್ಲಿ ಅದು ಸುಮ್ಮನಿತ್ತು. ಗೂಟದಿಂದ ಗೂಟಕ್ಕೆ ಹಗ್ಗ ಎಳೆದು, ಒಂದು ಕಣ್ಣು ಮುಚ್ಚಿ ನೇರ ನೋಡಿ, ಗುಂಡಿ ತೆಗೆಯಲು ಶುರುಮಾಡಿದ. ಕೆಮ್ಮಣ್ಣು ಹಾರೆಗೆ ಹದವಾಗಿ ಬಿಚ್ಚಿಕೊಳ್ಳುತ್ತಿತ್ತು. ಎಷ್ಟೋ ದಿನದ ಮೇಲೆ ಮೈ ಬೆವರಿತು, ಹಸಿವಾಯಿತು, ತುತ್ತು ರುಚಿಯಾಯಿತು. ರಂಗಪ್ಪ ಬಹಳ ಖುಷಿಯಾಗಿದ್ದ.

ಒಂದು ವಿಷಯಕ್ಕೆ ಮಾತ್ರ ತೊಡಕಾಯಿತು. ತೋಟದಲ್ಲಾದರೆ ಹೊತ್ತಿಳಿಯುವಾಗ ಯಜಮಾನರು ಬಂದು “ಸಾಕು ರಂಗಪ್ಪ” ಎನ್ನುತ್ತಿದ್ದರು. ಆ ಮಾತು ಬೀಳದೆ ಹಾರೆ ಇಳಿಸಿ ಅವನಿಗೆ ರೂಢಿಯಿಲ್ಲ. ಇಲ್ಲಿ ಹೇಳುವವರು ಯಾರು? ಕೆಲಸ ಮುಗಿದರೂ ಹಾರೆಗೆ ಒರಗಿಕೊಂಡು ಸುಮ್ಮನೆ ನಿಂತೇ ಇದ್ದ. ಭೈರಮ್ಮ ಬಂದು ಒಳಗಿನಿಂದಲೇ “ಸಾಕು, ಬನ್ನಿ” ಎಂದು ಕೂಗಿದ ಮೇಲೆ ಕೈಕಾಲು ತೊಳೆದ.

ಅವಳು ಹಿತ್ತಲು ನೋಡಿದ್ದು ಶುಕ್ರವಾರ, ಬಟ್ಟೆ ಒಣಹಾಕಲು ಹೋದಾಗ. ಪಕ್ಕದ ಮನೆಯ ಸುಬ್ಬಿಯೂ ಜೊತೆಗಿದ್ದಳು. ಅಲ್ಲಿ ಸಾಲಾಗಿ ಆರು ಗುಂಡಿ. ಒಂದರಿಂದ ಒಂದಕ್ಕೆ ಸರಿಯಾಗಿ ಒಂಬತ್ತಡಿ. ಒಳಗಿಳಿದರೆ ಮಂಡಿ ಮುಳುಗುವಷ್ಟು ಆಳ. ಜಾಗ ಅಷ್ಟಕ್ಕೇ ಮುಗಿದಿತ್ತು.

“ಇದೆಂತ ಮಾಡಿದ್ದು?” ಭೈರಮ್ಮ ಕೇಳಿದಳು.

“ಗುಂಡಿ. ಮೆಣಸಿಗೆ.”

“ಮೆಣಸಿನ ಗಿಡಕ್ಕಾ, ಅಡಿಕೆ ಗಿಡಕ್ಕಾ?”

“ಗಿಡ ಅಂದ್ಮೇಲೆ ಗುಂಡಿ ಬೇಡ್ವಾ?”

“ಆರು ಮೆಣಸಿನ ಗಿಡಕ್ಕೆ ಇಷ್ಟು ತೋಡಿದ್ರಲ್ಲ ರಂಗಪ್ಪಣ್ಣ,” ಸುಬ್ಬಿ ಸೆರಗು ಬಾಯಿಗೊತ್ತಿಕೊಂಡಳು. “ಕಾಯಿ ಕೊಯ್ಯಕ್ಕೆ ಅಡಿಕೆ ಮರ ಹತ್ತೋ ಕೊನೆಗಾರನ್ನ ಕರೀಬೇಕಾ ಹಂಗಾದ್ರೆ? ಉದ್ದದ ದೋಟಿನೂ ಬೇಕಾಗ್ತದೆ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ಗಿಡದ ನಡುವೆ ಎತ್ತಿನ ಗಾಡಿ ತಿರುಗಿಸುವಷ್ಟು ಜಾಗ ಬಿಟ್ಟದ್ದು ರಂಗಪ್ಪನಿಗೆ ಆಗ ಹೊಳೆಯಿತು. ಅವನ ಕೈಗೆ ಗೊತ್ತಿದ್ದದ್ದು ಅಡಿಕೆಯ ಅಳತೆಯೊಂದೇ. ಅವನೂ ನಗಲು ನೋಡಿದ, ಆಗಲಿಲ್ಲ. ಮುಖ ಚಿಕ್ಕದಾಯಿತು.

ಸಾಲದ್ದಕ್ಕೆ ಅಂದು ಸಂಜೆ ಗುಡುಗಿ ಮಳೆ ಬಂತು. ಬೆಳಿಗ್ಗೆ ನೋಡಿದರೆ ಆರೂ ಗುಂಡಿಯಲ್ಲಿ ಕೆಂಪು ನೀರು ತುಂಬಿ, ಒಂದರಲ್ಲಿ ಕಪ್ಪೆ ಆರಾಮಾಗಿ ಕೂತಿತ್ತು. ರಂಗಪ್ಪ ಒಳಗೆ ಬಂದು ಒಲೆಯ ಹತ್ತಿರ ಕುಕ್ಕರಿಸಿದ.

“ಸೌದೇನೇ ಹಾಕು ಮಾರಾಯ್ತಿ. ನನ್ ಕೈಲಿ ಆಗೋದಲ್ಲ ಅದು.”

ಭೈರಮ್ಮ ದೋಸೆ ಮಗುಚಿ ಹಾಕುತ್ತಿದ್ದಳು. ಗೆದ್ದೆನೆಂಬ ಸಂತೋಷ ಅವಳಿಗಾಗಬೇಕಿತ್ತು, ಆಗಲಿಲ್ಲ. ದೋಸೆ ಇಳಿಸಿ, ಒಲೆಯ ಮೇಲಿನ ಗೋಡೆ ತೋರಿಸಿದಳು. ಅಲ್ಲಿ ಸಗಣಿ ಬೂದಿ ಕಲಸಿ ಮೆತ್ತಿದ ಬಿಲ್ಲೆಗಳು ಒಣಗಿ ಅಂಟಿಕೊಂಡಿದ್ದವು.

“ಅದೆಂತ ಗೊತ್ತುಂಟಾ?”

ದಿನಾ ಕಾಣುವ ಗೋಡೆ. ಅವನು ಎಂದೂ ಕೇಳಿರಲಿಲ್ಲ. ಅವಳು ಒಂದು ಬಿಲ್ಲೆ ಕಿತ್ತು ಅಂಗೈಯಲ್ಲಿ ಪುಡಿ ಮಾಡಿದಳು. ಬೂದಿಯೊಳಗಿಂದ ಬಿಳೀ ಬೀಜಗಳು ಹೊರಬಂದವು.

“ಸೌತೆ ಬೀಜ. ಅದು ಹೀರೆ, ಅದು ಬೆಂಡೆ. ಎಲ್ಲಾದ್ರೂ ಒಳ್ಳೆ ಕಾಯಿ ಸಿಕ್ರೆ ಬೀಜ ತೆಗ್ದು ಮೆತ್ತಿಡ್ತೀನಿ. ಮಳೆ ಹಿಡಿಯೋ ಹೊತ್ತಿಗೆ ಸುಬ್ಬಿಗೋ ಯಾರಿಗೋ ಕೊಟ್ಬಿಡ್ತೀನಿ.”

“ನೀನು ಹಾಕ್ಲಿಲ್ಲ ಎಂತಕ್ಕೆ?”

“ಯಾವಾಗ ಹಾಕ್ಲಿ? ಬೆಳಕಲ್ಲಿ ಮನೇಲಿ ಇದ್ದದ್ದು ಯಾವಾಗ ನಾನು?” ಅವಳು ಬೀಜ ಊದಿ ಬೂದಿ ಹಾರಿಸಿದಳು. “ಹಾಕೋ ಕ್ರಮ ನಂಗೂ ಗೊತ್ತಿಲ್ಲ. ಇಟ್ಕೊಳ್ಳೋದು ಮಾತ್ರ ಗೊತ್ತು.”

ರಂಗಪ್ಪನಿಗೆ, ಇಷ್ಟು ವರ್ಷ ಒಟ್ಟಿಗೆ ಉಂಡು, ಆ ಗೋಡೆಯ ಕೆಳಗೇ ಬೆಂಕಿ ಕಾಯಿಸಿಕೊಂಡು, ಇವಳಿಗೂ ಹೀಗೊಂದು ಆಸೆಯಿತ್ತೆಂದು ತನಗೆ ತಿಳಿಯಲಿಲ್ಲವಲ್ಲ ಎನಿಸಿತು. ಅವನು ದೋಸೆಗೂ ಕಾಯದೆ ಎದ್ದ.

ತರಕಾರಿ ಗೊತ್ತಿಲ್ಲದಿದ್ದರೇನು, ನೀರು ಅವನಿಗೆ ಗೊತ್ತಿತ್ತು. ಗುಂಡಿಯಿಂದ ಗುಂಡಿಗೆ ಸಣ್ಣ ಕಾಲುವೆ ಕಡಿದು ಬೇಲಿಯಾಚೆಗೆ ಬಿಟ್ಟ. ನಿಂತ ನೀರು ಗುಳುಗುಳು ಹರಿದುಹೋಯಿತು, ಕಪ್ಪೆಯೂ ಹೋಯಿತು. ಭೈರಮ್ಮ ಅಂದು ಕೆಲಸಕ್ಕೆ ರಜೆ ಮಾಡಿದಳು. ಇಬ್ಬರೂ ಬುಟ್ಟಿಗಟ್ಟಲೆ ತರಗೆಲೆ ಹೊತ್ತು ತಂದು ಗುಂಡಿಯ ತಳಕ್ಕೆ ತುಳಿದರು, ಸುಬ್ಬಿಯ ಕೊಟ್ಟಿಗೆಯಿಂದ ಹಳೇ ಗೊಬ್ಬರ ಕೇಳಿ ತಂದು ಹರಡಿದರು, ತೆಗೆದ ಮಣ್ಣನ್ನೆಲ್ಲ ಮೇಲಕ್ಕೆ ಏರಿಸಿದರು. ಮಣ್ಣು ಮಿಕ್ಕಿದ್ದಕ್ಕೆ ಮಧ್ಯದ ಖಾಲಿ ಜಾಗದಲ್ಲೂ ಏರಿ ಎಬ್ಬಿಸಿದರು. ಗುಂಡಿಯಿದ್ದಲ್ಲೆಲ್ಲ ಈಗ ದಿಬ್ಬ. ಎಷ್ಟೇ ಮಳೆ ಹೊಯ್ದರೂ ಬೇರಿನ ಬುಡದಲ್ಲಿ ನೀರು ನಿಲ್ಲುವಂತಿಲ್ಲ. ಸುಬ್ಬಿ ಬೇಲಿಯ ಮೇಲಿಂದ ಇಣುಕಿ, ಈ ಸಲ ನಗದೆ, ತನಗೆ ಕೊಡಬೇಕಾದ ಬೀಜದ ಕಥೆ ಏನೆಂದು ಕೇಳಿದಳು.

ಭಾನುವಾರ ಕುಮಾರ ಶೀಟು ಹೇರಿಕೊಂಡು ಬಂದ. ಹಿತ್ತಲಿಗೆ ಬಂದವನು ದಿಬ್ಬಗಳನ್ನು ನೋಡಿ ತಲೆ ಕೆರೆದುಕೊಂಡ.

“ಅಮ್ಮ, ಕಂಬ ಎಲ್ಲಿ ಹುಗೀಲಿ?”

ರಂಗಪ್ಪ ಹೆಂಡತಿಯ ಮುಖ ನೋಡಿದ. ತರಕಾರಿ ಜಾಗ ಅಂತ ಕಾಣ್ತದೋ ಇಲ್ವೋ, ಅವಳು ಹೇಳಬೇಕು.

ಭೈರಮ್ಮ ಸೊಂಟಕ್ಕೆ ಕೈಕೊಟ್ಟು ಒಂದು ಸುತ್ತು ನೋಡಿದಳು. “ನನ್ನ ಎಂತಕ್ಕೆ ಕೇಳ್ತೀಯ? ಹಿತ್ಲು ಅಪ್ಪಂದು. ಅವ್ರನ್ನ ಕೇಳು.”

ಎಲ್ಲಿ ತೋಡಬೇಕೆಂದು ರಂಗಪ್ಪನಿಗೆ ಊರೆಲ್ಲ ಹೇಳಿತ್ತು. ಎಲ್ಲಿ ತೋಡಬೇಕೆಂದು ಅವನನ್ನು ಕೇಳಿದ್ದು ಇದೇ ಮೊದಲು.

“ಬಚ್ಚಲ ಗೋಡೆಗೆ ತಾಗಿಸಿ ಶೀಟು ಇಳಿಸು,” ಎಂದ. “ಹಂಡೆ ಒಲೆ ಬಿಸಿಗೆ ಸೌದೆ ಬೆಚ್ಚಗಿರ್ತದೆ. ನಿಮ್ಮಮ್ಮಂಗೆ ಹೊಗೆ ಆಗಬಾರ್ದು.”

ಮಧ್ಯಾಹ್ನದೊಳಗೆ ಕೊಟ್ಟಿಗೆ ಎದ್ದಿತು. ಕುಮಾರ ಉಂಡು ಹೊರಟ. ಭೈರಮ್ಮ ಗೋಡೆಯ ಬಿಲ್ಲೆಗಳನ್ನೆಲ್ಲ ಮೊರದಲ್ಲಿ ತಂದಳು, ಸುಬ್ಬಿಯ ಪಾಲು ಮೊದಲೇ ತೆಗೆದಿಟ್ಟು. ರಂಗಪ್ಪ ಹಗ್ಗ ಸುತ್ತಿ ಬೇಲಿಗೆ ನೇತುಹಾಕಿ ಮನಸ್ಸಿಗೆ ಬಂದ ಕಡೆ ಬೀಜ ಊರತೊಡಗಿದ. ಸಾಲು ಸೊಟ್ಟಗಾಯಿತು. ಸೊಟ್ಟ ಆಯ್ತಲ್ಲ ಎಂದು ಅವಳು ಹೇಳಿದಳು, ಇರ್ಲಿ ಎಂದು ಅವನು ಹೇಳಿದ.

ಹೊತ್ತಿಳಿಯಿತು. ಭೈರಮ್ಮ ಖಾಲಿ ಮೊರ ಕೊಡವಿ, ಕಾಫಿಗಿಡಲು ಒಳಗೆ ಹೋಗಿ, ಅಲ್ಲಿಂದಲೇ ಕೂಗಿದಳು. “ಸಾಕು, ಬನ್ನಿ.”

ರಂಗಪ್ಪ ದಿಬ್ಬದ ಪಕ್ಕ ಕೂತು ಇನ್ನೊಂದು ಬೀಜಕ್ಕೆ ಬೆರಳಲ್ಲಿ ಗುಳಿ ಮಾಡುತ್ತಿದ್ದ.

“ನೀನು ಕುಡಿ ಮಾರಾಯ್ತಿ,” ಎಂದ. “ನಂಗಿನ್ನೂ ಸಾಕಾಗ್ಲಿಲ್ಲ.”