ಹನ್ನೆರಡು ಗಂಟೆಯ ಭೂಕಂಪ

ಟೀವಿ ಪರದೆಯ ಮೂಲೆಯ ಪುಟ್ಟ ಚೌಕದೊಳಗೆ ನಿಂತು, ಕಿವಿ ಕೇಳದವರಿಗೆ ಸುದ್ದಿಯನ್ನು ಸನ್ನೆಭಾಷೆಯಲ್ಲಿ ಹೇಳುವುದು ಆಕೆಯ ಕೆಲಸ. ಸ್ಟುಡಿಯೋದವರು ಕೈಮಾತಿನಕ್ಕ ಎನ್ನುತ್ತಿದ್ದರು. ಆ ಭಾಷೆ ಆಕೆಗೆ ಬಂದದ್ದು ಹುಟ್ಟಿನಿಂದ ಕಿವಿ ಕೇಳದ ತಮ್ಮನ ಜೊತೆ ಜಗಳವಾಡಿ.

ಆ ಬೆಳಿಗ್ಗೆ ಎಂಟಕ್ಕೆ ನೆಲ ನಡುಗಿತು. ಪಾತ್ರೆ ಉರುಳಿದವು, ಹಳೆಯ ಗೋಡೆಗಳು ಬಿರುಕು ಬಿಟ್ಟವು, ಅಷ್ಟೇ. ಹತ್ತರ ಸುದ್ದಿಯಲ್ಲಿ ನಿರೂಪಕ ಗಂಟಲು ಹರಿದುಕೊಳ್ಳುತ್ತಿದ್ದ. ಅವನ ಬೆನ್ನ ಹಿಂದೆ ಯಾವುದೋ ಸಿನಿಮಾದಿಂದ ಎತ್ತಿದ ಕಟ್ಟಡ ಮತ್ತೆ ಮತ್ತೆ ಕುಸಿಯುತ್ತಿತ್ತು.

"ಭೂತಾಯಿ ಮುನಿದಿದ್ದಾಳೆ! ಸರಿಯಾಗಿ ಹನ್ನೆರಡಕ್ಕೆ ಇನ್ನೊಂದು ಕಂಪನ, ಇದರ ಹತ್ತರಷ್ಟು!"

ಹೇಳಿದ್ದನ್ನು ಹೇಳಿದಂತೆ ದಾಟಿಸುವುದು ಆ ಕೆಲಸದ ಮೊದಲ ನಿಯಮ. ಹದಿನಾಲ್ಕು ವರ್ಷ ಆಕೆ ಅದನ್ನು ಮೀರಿರಲಿಲ್ಲ. ಆ ಸುದ್ದಿಯಲ್ಲೂ ಮೀರಲಿಲ್ಲ.

ಒಂದು ಗಂಟೆಗೆ ತಮ್ಮನ ವಿಡಿಯೋ ಕರೆ ಬಂತು. ಅವನು ಆಸ್ಪತ್ರೆಯ ಬೆಂಚಿನ ಮೇಲಿದ್ದ. ಹನ್ನೆರಡರೊಳಗೆ ಹೊರಬೀಳುವ ಗಾಬರಿಯಲ್ಲಿ ಐದು ಮಹಡಿ ಇಳಿಸುವಾಗ ಅಮ್ಮ ಜಾರಿ, ಅವರ ಮಣಿಕಟ್ಟು ಮುರಿದಿತ್ತು.

"ಟೀವಿಯವ್ರ ಮಾತು ಯಾರಾದ್ರೂ ನಂಬ್ತಾರೇನೋ?" ಎಂದು ಆಕೆ ಸನ್ನೆಯಲ್ಲೇ ಗದರಿದಳು.

"ಟೀವಿಯವ್ರನ್ನ ಎಲ್ಲಿ ನಂಬಿದೆ? ನಿನ್ನ ಕೈ ನಂಬಿದೆ ಅಕ್ಕ."

ಆಕೆ ಕರೆ ಮುಗಿಸಿದಳು. ನೇರ ಸಂಪಾದಕನ ಕೋಣೆಗೆ ನುಗ್ಗಿದಳು. "ಸಾರ್, ಹನ್ನೆರಡಕ್ಕೆ ಆಗುತ್ತೆ ಅಂತ ಯಾರು ಹೇಳಿದ್ರು?"

"ಆಗ್ಲಿಲ್ಲ ತಾನೇ? ಖುಷಿಪಡಿ," ಎಂದ ಆತ, ಕಂಪ್ಯೂಟರಿನಿಂದ ಕಣ್ಣೆತ್ತದೆ. "ಈಗ ಸಂಜೆ ಆರು ಅಂತ ಹಾಕಿದೀವಿ."

ಎರಡರ ಸುದ್ದಿಗೆ ನಿವೃತ್ತ ಭೂವಿಜ್ಞಾನಿಯೊಬ್ಬರನ್ನು ಫೋನಿನಲ್ಲಿ ಹಿಡಿದಿದ್ದರು. ಅವರದು ಮೆತ್ತನೆಯ ದನಿ. "ನೋಡಿ, ನೆಲದಡಿ ಬಂಡೆಗಳು ವರ್ಷಗಟ್ಟಲೆ ಒತ್ತಡ ತಡ್ಕೊಂಡಿದ್ದು, ಒಂದು ದಿನ ಜಾರ್ತವೆ. ಯಾವ ಗಂಟೆಗೆ ಅಂತ ಯಾರೂ ಹೇಳೋಕಾಗಲ್ಲ. ಸಣ್ಣ ಕಂಪನ ಇನ್ನೂ ಬರಬಹುದು. ಬಿರುಕು ಬಿಟ್ಟ ಮನೆಯೊಳಗೆ ಇರ್ಬೇಡಿ. ಉಳಿದೋರು..."

"ಅಂದ್ರೆ ಗಂಡಾಂತರ ಇದ್ದೇ ಇದೆ!" ನಿರೂಪಕ ಕಿರುಚಿದ. ಕರೆ ಕಡಿದರು. ಹಿನ್ನೆಲೆ ಸಂಗೀತದ ನಗಾರಿ ಬಡಿಯಿತು.

ಆಕೆ ಕೈ ನಿಲ್ಲಿಸಲಿಲ್ಲ. ಅವನು ಆರು ಗಂಟೆಯ ಪ್ರಳಯ ಸಾರುತ್ತಿದ್ದಷ್ಟು ಹೊತ್ತೂ ವಿಜ್ಞಾನಿಯ ಮಾತನ್ನೇ ಮೂರು ಸಲ ಹೇಳಿದಳು. ಸ್ಟುಡಿಯೋದಲ್ಲಿ ಯಾರಿಗೂ ಆ ಭಾಷೆ ಬಾರದು, ಯಾರಿಗೂ ತಿಳಿಯಲಿಲ್ಲ.

ಮಾರನೆಯ ದಿನ ಕಿವುಡ ಮಕ್ಕಳ ಶಾಲೆಯೊಂದರಿಂದ ಪತ್ರ ಬಂತು: "ನಿಮ್ಮ ಸುದ್ದಿ ನೋಡಿ ಬಿರುಕು ಬಿಟ್ಟ ಹಾಸ್ಟೆಲಿನಿಂದ ಮಕ್ಕಳನ್ನು ಹೊರಗೆ ಕರೆತಂದೆವು. ನಾಲ್ಕು ಗಂಟೆಯ ಸಣ್ಣ ಕಂಪನಕ್ಕೆ ಒಂದು ಗೋಡೆ ಬಿತ್ತು. ಆರು ಗಂಟೆ ಎಂದು ಹೆದರಿಸದ ವಾಹಿನಿ ನಿಮ್ಮದೊಂದೇ."

ಸಂಪಾದಕ ಪತ್ರವನ್ನು ಎರಡು ಸಲ ಓದಿ ಆಕೆಯನ್ನು ಕರೆಸಿದ. "ನಾವು ಹೇಳದ್ದನ್ನ ಹೇಳೋಕೆ ನಿಮಗ್ಯಾರು ಅಧಿಕಾರ ಕೊಟ್ರು?"

"ಹೇಳಿದ್ದು ವಿಜ್ಞಾನಿ, ಸಾರ್. ನೀವು ಅವರ ಬಾಯಿ ಮುಚ್ಚಿಸಿದ್ರಿ. ನನ್ನ ಕೈ ಕಟ್ಟೋದು ಮರೆತ್ರಿ."

ಅಂದೇ ಕೆಲಸ ಹೋಯಿತು. ಪತ್ರವನ್ನು ಮಾತ್ರ ವಾಹಿನಿ ಬಿಡಲಿಲ್ಲ. "ಮಕ್ಕಳ ಜೀವ ಉಳಿಸಿದ ನಮ್ಮ ಸುದ್ದಿ" ಎಂದು ಮೂರು ದಿನ ಬಿತ್ತರಿಸಿತು.

ಕೈಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದ ಅಮ್ಮ ಅದನ್ನು ನೋಡಿ ಸಿಡುಕಿದರು. "ನಿನ್ನ ಹೆಸರೇ ಎತ್ತಲಿಲ್ವಲ್ಲೇ ಪಾಪಿಗಳು!"

"ನನ್ನದು ಹಾಳಾಗ್ಲಿ ಬಿಡಮ್ಮ," ಎಂದಳು ಆಕೆ. "ಹತ್ತರ ಸುದ್ದೀಲೇ ಆ ವಿಜ್ಞಾನಿಯಂಥೋರನ್ನ ಎರಡು ನಿಮಿಷ ಮಾತಾಡೋಕೆ ಬಿಟ್ಟಿದ್ರೆ, ನಿನ್ನ ಕೈನೂ ಉಳೀತಿತ್ತು."