ಟಾರ್ಪಾಲಿನ ಆಚೆಯ ಚುಕ್ಕಿ

ಬಾಲ, ಬರೀ ಬಾಲದ ತುದಿಯ ಕುಚ್ಚು ಅತ್ತ ಒಮ್ಮೆ ಇತ್ತ ಒಮ್ಮೆ, ಅದರ ಕೆಳಗೆ ನಾಲ್ಕು ಗೊರಸು, ಮಿಕ್ಕಿದ್ದೆಲ್ಲ ನೀಲಿ ಟಾರ್ಪಾಲು — ನೆನ್ನೆ ಇರಲಿಲ್ಲವಲ್ಲ ಇದು, ಶಶಿಕಲಾ ಕಾಫಿ ಲೋಟ ಹಿಡಿದು ಬಾಲ್ಕನಿಯ ಕಂಬಿಗೆ ಹೊಟ್ಟೆ ಆನಿಸಿ ನಿಂತಿದ್ದಾಳೆ, ಫಸ್ಟ್ ಶಿಫ್ಟ್ ಮುಗಿಸಿ ಬಂದವಳು ಇನ್ನೂ ಸೀರೆ ಬದಲಾಯಿಸಿಲ್ಲ, ಕಾಲು ಊದಿಕೊಂಡಿದೆ, ಮೊದಲು ಹಸು ನೋಡಬೇಕು ಆಮೇಲೆ ಬೇರೆಲ್ಲ, ಈ ಮನೆಗೆ ಬಂದಾಗಿನಿಂದ ಹಾಗೇ ನಡೆದಿದೆ, ಇವತ್ತು ನೋಡಿದರೆ ಹಸು ಇರುವ ಜಾಗಕ್ಕೆ ಪರದೆ. ಬಿಸಿಲಿಗಿರಬೇಕು. ಆದರೆ ಬಿಸಿಲು ಬೀಳುವುದು ಆ ಕಡೆಯಿಂದ, ಟಾರ್ಪಾಲು ಕಟ್ಟಿರುವುದು ಈ ಕಡೆಗೆ, ಬೇವಿನ ಮರದಿಂದ ಲೈಟು ಕಂಬಕ್ಕೆ ಹಗ್ಗ ಬಿಗಿದು, ಸರಿಯಾಗಿ ಅವಳ ಬಾಲ್ಕನಿಗೆ ಎದುರಾಗಿ. ಇರಲಿ, ಅವರ ಹಸು, ಅವರ ಸೈಟು. ಬಾಗಲಗುಂಟೆಯ ಈ ಗಲ್ಲಿಯಲ್ಲಿ ಕಟ್ಟಡ ಏಳದೆ ಉಳಿದಿರುವುದು ಮಾರಕ್ಕನ ಇದೊಂದೇ ಸೈಟು, ಅಕ್ಕಪಕ್ಕದ್ದೆಲ್ಲ ಒಂದು ಕಾಲಕ್ಕೆ ಅವರದೇ ರಾಗಿ ಹೊಲವಂತೆ, ಈಗ ಬಾಡಿಗೆ ಮನೆಗಳು, ಹಾಲು ಮಾರಿಯೇ ಬದುಕಬೇಕಾದವರೇನಲ್ಲ, ಆದರೂ ಸಗಣಿ ಮುಟ್ಟದೆ ಆ ಮುದುಕಿಗೆ ಬೆಳಗಾಗುವುದಿಲ್ಲ, ಗಂಡ ವೆಂಕಟರಮಣಪ್ಪ ಗೊಣಗಿಕೊಂಡೇ ಹುಲ್ಲಿನ ಹೊರೆ ತಂದು ಹಾಕುತ್ತಾನೆ. ಕಾಫಿ ಆರಿಹೋಯಿತು. ಒಳಗೆ ಲೋಕೇಶ್ ಗೊರಕೆ ಹೊಡೆಯುತ್ತಿದ್ದಾನೆ, ಅವನಿಗೆ ನೈಟ್ ಶಿಫ್ಟ್, ಅವಳು ಬರುವಾಗ ಅವನಿಗೆ ನಿದ್ದೆ, ಅವನು ಏಳುವಾಗ ಅವಳಿಗೆ ಅಡುಗೆ, ಗಂಡನ ಮುಖಕ್ಕಿಂತ ಈ ಹಸುವಿನ ಮುಖವೇ ಹೆಚ್ಚು ಕಂಡಿದ್ದು ಎಂದು ಒಮ್ಮೆ ಅವನಿಗೇ ಹೇಳಿ ನಕ್ಕಿದ್ದಳು, ಅವನೂ ನಕ್ಕಿದ್ದ, ಹಾಲಾದರೂ ಕೊಡುತ್ತಲ್ಲ ಬಿಡು ಅಂದಿದ್ದ. ನಗುವ ಮಾತೇನಲ್ಲ. ಬೆಳಗಿನಿಂದ ಟ್ಯೂಬ್‌ಲೈಟಿನ ಕೆಳಗೆ ಫ್ಯಾಕ್ಟರಿಯಲ್ಲಿ ಯಂತ್ರಕ್ಕೆ ಕೂರಿಸುವ ಬಳೆಯಂಥ ಹಿತ್ತಾಳೆಯ ಬುಷ್ಷುಗಳನ್ನು ತಿರುಗಿಸಿ ತಿರುಗಿಸಿ ಗೀರು ಹುಡುಕುವ ಕಣ್ಣು ಇದು, ಒಳ್ಳೆಯದು ಈ ಟ್ರೇಗೆ, ಕೆಟ್ಟದ್ದು ಆ ಟ್ರೇಗೆ, ಸೂಪರ್‌ವೈಸರ್ ಅಮರೇಶ್ ಹೊಗಳುತ್ತಾನೆ, ಮೇಡಂ ನಿಮ್ ಕಣ್ಣಿಗೆ ಬಿದ್ರೆ ಯಾವುದೂ ಉಳಿಯಲ್ಲ ಬಿಡಿ — ಶಿಫ್ಟ್ ಮುಗಿಯುವ ಹೊತ್ತಿಗೆ ಮನುಷ್ಯರ ಮುಖ ಕಂಡರೂ ಏನು ಐಬು ಎಂದು ಹುಡುಕುವ ಹಾಗಾಗಿಬಿಡುತ್ತದೆ. ಈ ಹಸು ಚುಕ್ಕಿಯಲ್ಲಿ ಮಾತ್ರ ಅವಳು ಏನನ್ನೂ ಹುಡುಕಲಿಲ್ಲ. ಸುಮ್ಮನೆ ನೋಡಿದಳು. ಗಂಟಲಲ್ಲಿ ಮೆಲುಕಿನ ಉಂಡೆ ಮೇಲೇರಿ ಬರುವುದು, ಬಂದ ಮೇಲೆ ಒಂದು ಗಳಿಗೆ ನಿಲ್ಲುವುದು, ಆಮೇಲೆ ದವಡೆ ಓರೆಯಾಗಿ ತಿರುಗತೊಡಗುವುದು, ನೊಣ ಕೂತ ಅಷ್ಟೇ ಜಾಗದ ಚರ್ಮ ನಡುಗುವುದು, ನಾಲಗೆ ಚಾಚಿ ಮೂಗಿನ ಹೊಳ್ಳೆಯನ್ನೇ ಒರೆಸಿಕೊಳ್ಳುವುದು. ಯಾರಿಗೂ ಲೆಕ್ಕ ಒಪ್ಪಿಸದ ಪ್ರಾಣಿ. ನೋಡುತ್ತಾ ನಿಂತರೆ ಅವಳ ದವಡೆಯೂ ಸಡಿಲವಾಗುತ್ತಿತ್ತು, ಹೆಗಲು ಇಳಿಯುತ್ತಿತ್ತು, ಹಾಯೆನಿಸುತ್ತಿತ್ತು, ಅಷ್ಟೇ, ದಿನಕ್ಕೆ ಅಷ್ಟೇ ಸುಖ.

ಗಿಣ್ಣು ಕೊಟ್ಟಿದ್ದಳಲ್ಲ ಮಾರಕ್ಕ, ಹೋದ ವಾರ ಚುಕ್ಕಿ ಕರು ಹಾಕಿದಾಗ ಇಡೀ ಗಲ್ಲಿಯಲ್ಲಿ ಮೊದಲ ಪಾಲು ಇವಳಿಗೇ ಬಂತು, ಏಲಕ್ಕಿ ಬೆಲ್ಲ ಹಾಕಿ ಬೇಯಿಸಿದ ಗಿಣ್ಣು, ಸ್ಟೀಲಿನ ಡಬ್ಬಿಯಲ್ಲಿ ಇನ್ನೂ ಬಿಸಿ ಬಿಸಿ, ಲೋಕೇಶನಿಗೂ ಉಳಿಸದೆ ನಿಂತಲ್ಲೇ ತಿಂದಿದ್ದಳು. ಮರುದಿನವೇ ಬಾಯಿ ಜಾರಿದ್ದು. ಮಾರಕ್ಕ ಹಾಲು ಕರೆಯಲು ಕೂತಿದ್ದಳು, ಚುಕ್ಕಿ ಕಾಲು ಅಗಲಿಸಿ ನಿಂತಿತ್ತು, ಕೆಚ್ಚಲು ತುಂಬಿ ನರಗಳೆಲ್ಲ ಹೊಳೆಯುತ್ತಿದ್ದವು, ಇವಳಿಗೆ ಸಂತೋಷ ತಡೆಯಲಾಗಲಿಲ್ಲ, ಮೇಲಿನಿಂದಲೇ ಕೂಗಿದಳು, ಮಾರಕ್ಕ, ಕೆಚ್ಚಲು ನೋಡಿ ಹೆಂಗಿದೆ, ಒಳ್ಳೆ ಬಿಂದಿಗೆ ಇದ್ದಂಗಿದೆ. ಕರೆಯುತ್ತಿದ್ದ ಕೈ ನಿಂತಿತು. ಮಾರಕ್ಕ ತಲೆ ಎತ್ತದೆ ಸೆರಗು ಎಳೆದು ಕೆಚ್ಚಲಿಗೆ ಮರೆ ಮಾಡಿಕೊಂಡಳು. ಆಗಲೇ ತಿಳಿಯಬೇಕಿತ್ತು. ಇವಳೂ ಕುಣಿಗಲ್ ಕಡೆಯ ಹುಡುಗಿ, ಹಸು ಕಟ್ಟಿದ ಮನೆಯಲ್ಲೇ ಬೆಳೆದವಳು, ಈದ ಹಸುವಿನ ಕೆಚ್ಚಲನ್ನು ಹೊಗಳಬಾರದು, ದೃಷ್ಟಿಯಾಗುತ್ತದೆ, ಬಾಯಿ ತಪ್ಪಿ ಹೊಗಳಿದರೆ ಹಿಂದೆಯೇ ಥೂ ಎಂದು ಉಗಿದುಬಿಡಬೇಕು, ಅವ್ವ ಬೇರೆಯವರು ಬಂದರೆ ಹಸುವಿನ ಮೇಲೆ ಗೋಣಿಚೀಲ ಹೊದಿಸುತ್ತಿದ್ದಳು, ಎಲ್ಲ ಗೊತ್ತಿದ್ದೂ ಮರೆತಳು, ಬುಷ್ಷು ಆರಿಸುತ್ತಾ ಆರಿಸುತ್ತಾ ಎಲ್ಲವೂ ಮರೆತುಹೋಗಿದೆ. ಎರಡು ದಿನ ಕಳೆಯುವಷ್ಟರಲ್ಲಿ ಕೆಚ್ಚಲು ಬಾವು. ಒಂದು ಕಡೆ ಕಲ್ಲಿನ ಹಾಗೆ ಗಟ್ಟಿಯಾಗಿ ಕೆಂಪೇರಿತ್ತು, ಹಿಂಡಿದರೆ ಹಾಲಿಗೆ ಬದಲು ನೀರು ನೀರು, ಗೆಡ್ಡೆ ಗೆಡ್ಡೆ, ಪಶುವೈದ್ಯರು ಬಂದು ಸೂಜಿ ಹಾಕಿ ಹೋದರು, ಕರು ಹತ್ತಿರ ಬಂದರೆ ಚುಕ್ಕಿ ನೋವಿಗೆ ಒದೆಯುತ್ತಿತ್ತು. ಕೊಟ್ಟಿಗೆ ಒದ್ದೆಯಾಗಿದ್ದರೆ ಬಾವು ಬರುತ್ತದೆ, ಅದು ಅವಳಿಗೂ ಗೊತ್ತು, ನಲ್ಲಿ ಸೋರಿ ಅಲ್ಲೆಲ್ಲ ಕೆಸರಾಗಿದ್ದನ್ನು ಅವಳೇ ನೋಡಿದ್ದಾಳೆ. ಆದರೆ ಟಾರ್ಪಾಲು ಕಟ್ಟಿದ್ದು ನಲ್ಲಿಗಲ್ಲ. ಬಿಸಿಲಿಗೂ ಅಲ್ಲ. ಅಯ್ಯೋ ದೇವರೇ, ನನಗೆ. ಲೋಟ ಕಂಬಿಯ ಮೇಲಿಟ್ಟಳು, ಮೊದಲು ಸಿಟ್ಟು ಬಂತು, ನಾನೇನು ಮಾಡಿದೆ ಅಂಥದ್ದು, ನೋಡಿದ್ದೂ ತಪ್ಪಾ, ಆಮೇಲೆ ಸಿಟ್ಟಿಗೂ ತ್ರಾಣವಿಲ್ಲ, ಕೆಳಗೆ ಬಾಲ ಒಂದು ಸಲ ಬೀಸಿ ನಿಂತಿತು.

ಬಾಗಿಲು ತಟ್ಟಿದ್ದು ಲೋಕೇಶನಿಗೆ ಎಚ್ಚರವಾಗದಷ್ಟು ಮೆಲ್ಲಗೆ. ತೆರೆದರೆ ಮಾರಕ್ಕ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಾಳೆ, ಇದುವರೆಗೆ ಒಮ್ಮೆಯೂ ಮೇಲೆ ಬಂದವಳಲ್ಲ, ಬನ್ನಿ ಅಂದರೆ ಹೊಸ್ತಿಲು ದಾಟಲಿಲ್ಲ, ಕಾಫಿ ಬೇಡವಂತೆ, ಸುಮ್ಮನೆ ಬಂದಳಂತೆ. ಇವಳೇ ಕೇಳಿದಳು ಚುಕ್ಕಿ ಹೆಂಗಿದೆ ಎಂದು. ಅಂಗೇ ಅದೆ ಕಣಮ್ಮ, ಮೇವು ಮುಟ್ಟಾಕಿಲ್ಲ, ಕಣ್ಣಾಗೆ ನೀರು ಸುರಿಸ್ಕಂಡು ನಿಂತದೆ. ಹೇಳುವಾಗ ಮುದುಕಿಯ ಕಣ್ಣಲ್ಲೂ ನೀರು. ಸಿಟ್ಟು ಎಲ್ಲಿತ್ತೋ ಎಲ್ಲಿ ಹೋಯಿತೋ. ಮೇವು ಮುಟ್ಟುತ್ತಿಲ್ಲ ಎಂದರೆ ಮೆಲುಕೂ ಇಲ್ಲ, ಆ ಉಂಡೆ ಮೇಲೇರುವುದಿಲ್ಲ, ದವಡೆ ತಿರುಗುವುದಿಲ್ಲ, ಟಾರ್ಪಾಲಿನ ಹಿಂದೆ ಅದು ಬರಿದೇ ನಿಂತಿದೆ. ಬರ್ತೀನಿ ಅಂದಳು ಮಾರಕ್ಕ, ಇವಳು ಬಾಗಿಲು ಪೂರ್ತಿ ಹಾಕಲಿಲ್ಲ, ಸಂದಿ ಬಿಟ್ಟಳು, ಯಾಕೆ ಬಿಟ್ಟಳೋ, ಸಂದಿಯಿಂದ ನೋಡಿದಳು — ಮಾರಕ್ಕ ಮಂಡಿ ಹಿಡಿದು ಬಗ್ಗಿದಳು, ಚಪ್ಪಲಿ ಸ್ಟ್ಯಾಂಡಿನಿಂದ ಒಂದು ಚಪ್ಪಲಿ ಎತ್ತಿ ಮಗುಚಿ ಉಗುರಿನಿಂದ ಅಡಿಯ ಮಣ್ಣು ಕೆರೆದಳು, ಸೆರಗಿನ ತುದಿಗೆ ಉದುರಿಸಿಕೊಂಡಳು. ಕಾಲ್ಧೂಳು. ಕಣ್ಣು ಹಾಕಿದವರ ಕಾಲ್ಧೂಳು, ಉಪ್ಪು, ಒಣಮೆಣಸಿನಕಾಯಿ ಸೇರಿಸಿ ಹಸುವಿಗೆ ನಿವಾಳಿಸಿ ಬೆಂಕಿಗೆ ಹಾಕಬೇಕು, ಅವ್ವನೂ ಮಾಡುತ್ತಿದ್ದಳು, ಪಕ್ಕದ ಮನೆಯವರ ಹೆಜ್ಜೆಯ ಮಣ್ಣನ್ನು ಹೀಗೇ ಕದ್ದು ತರುತ್ತಿದ್ದಳು. ಉಗುರು ಕೆರೆಯುತ್ತಿದೆ. ಆದರೆ ಆ ಚಪ್ಪಲಿ ಇವಳದಲ್ಲ. ಹೂವಿನ ಪಟ್ಟಿಯದು, ಎದುರು ಮನೆ ಶ್ಯಾಮಲಾಳದು, ಸ್ಟ್ಯಾಂಡು ಎರಡು ಮನೆಗೂ ಒಂದೇ. ಕಾಲು ಊದುತ್ತದೆಂದು ಶಶಿಕಲಾ ಹಾಕುವುದು ಗಂಡಸರ ಕಪ್ಪು ರಬ್ಬರು ಚಪ್ಪಲಿ, ಅದು ಹೆಂಗಸಿನದೆಂದು ಮುದುಕಿಗೆ ಹೊಳೆಯುವುದಾದರೂ ಹೇಗೆ. ಸುಮ್ಮನಿದ್ದರಾಯಿತು. ಬಾಗಿಲು ಹಾಕಿಕೊಂಡರಾಯಿತು. ಶ್ಯಾಮಲಾಳ ಮಣ್ಣು ಸುಡಲಿ, ಇದನ್ನೆಲ್ಲ ನಾನು ನಂಬುತ್ತೇನೆಯೇ, ನಂಬುವುದಿಲ್ಲ, ನಂಬದಿದ್ದರೆ ಎದೆ ಯಾಕೆ ಹೀಗೆ, ಬೇರೆಯವರ ಮಣ್ಣು ಸುಟ್ಟರೆ ಚುಕ್ಕಿಯ ನೋವು ಹಾಗೇ ಉಳಿದುಬಿಟ್ಟರೆ — ಬಾಗಿಲು ತೆರೆದಾಗಿತ್ತು.

ಅಕ್ಕ, ಅದು ಶ್ಯಾಮಲಾದು. ನಂದು ಈ ಕಪ್ಪುದು.

ಮಾರಕ್ಕ ಸೆರಗು ಕೊಡವಿದಳು, ಹೂವಿನ ಚಪ್ಪಲಿಯನ್ನು ಅದರ ಜಾಗದಲ್ಲಿಟ್ಟಳು, ಕಪ್ಪು ಚಪ್ಪಲಿಗೆ ಕೈ ಚಾಚಲು ಅವಳಿಗೆ ನಾಚಿಕೆ, ಶಶಿಕಲಾನೇ ಎತ್ತಿ ಮಗುಚಿ ಹಿಡಿದಳು, ಪೀಣ್ಯದ ಫ್ಯಾಕ್ಟರಿಯ ಎಣ್ಣೆ ಮೆತ್ತಿದ ಅಡಿ, ಅದರಲ್ಲಿ ಮಣ್ಣೆಂಬುದು ಎಷ್ಟಿದೆಯೋ, ಚುಕ್ಕಿ ವಾಸಿಯಾದರೆ ಕಣ್ಣು ನನ್ನದೇ ಎಂದು ಇತ್ಯರ್ಥವಾದ ಹಾಗೆ, ಆ ಟಾರ್ಪಾಲು ಇನ್ನು ಯಾವತ್ತೂ ಬಿಚ್ಚುವುದಿಲ್ಲ, ವಾಸಿಯಾಗದಿದ್ದರೆ — ಬೇಡ, ಆಗಲಿ, ವಾಸಿಯಾಗಲಿ, ಮೇವು ತಿನ್ನಲಿ, ನಾನು ನೋಡದಿದ್ದರೇನು, ಯಾರೂ ನೋಡದೆಯೂ ದವಡೆ ತಿರುಗಲಿ, ಕರು ಕುಡಿಯಲಿ, ನಾಳೆ ಫಸ್ಟ್ ಶಿಫ್ಟ್, ನಾಳಿದ್ದೂ ಫಸ್ಟ್ ಶಿಫ್ಟ್, ಬಂದು ಎಲ್ಲಿ ನಿಲ್ಲಲಿ, ಎಲ್ಲಿ ನಿಂತು ಏನನ್ನು — ಮಾರಕ್ಕನ ಉಗುರು ತಾಗಿತು, ರಬ್ಬರಿನ ಗೆರೆಯೊಳಗೆ ಸಗಣಿ ಮೆತ್ತಿದ ಹಳೆಯ ಉಗುರು, ಕೆರೆಯುತ್ತದೆ, ಚೂರು ಉದುರುತ್ತದೆ, ಮತ್ತೆ ಕೆರೆಯುತ್ತದೆ, ಉಗುರು.