ಎರಡನೇ ಸಲ ತೆಗೆದ ರಕ್ತ

ಮಣಿಪಾಲದಲ್ಲಿ ಸಂಶೋಧನೆಗೆ ಸೇರಿದಂದಿನಿಂದ ಲವಿಟಾ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಳು. ಟಿಬಿ ಬಂದವರ ಜೊತೆ ಒಂದೇ ಕೋಣೆಯಲ್ಲಿ ಮಲಗಿ ಎದ್ದರೂ ಕೆಲವರಿಗೆ ಅದು ಯಾಕೆ ತಗಲುವುದಿಲ್ಲ? ಅವಳ ಗುಮಾನಿ ರಕ್ತದಲ್ಲಿ ತೀರಾ ವಿರಳವಾಗಿರುವ ಎನ್‌ಕೆಟಿ ಕಣಗಳ ಮೇಲಿತ್ತು. ರೋಗಾಣುವಿನ ಹೊದಿಕೆಯ ಜಿಡ್ಡನ್ನು ಗುರುತು ಹಿಡಿದು, ಉಳಿದ ಬಿಳಿ ರಕ್ತಕಣಗಳನ್ನು ಎಬ್ಬಿಸುವ ಕಣಗಳು ಅವು.

ಉಚ್ಚಿಲದ ಸರಸ ಮೀನು ಮಾರುವವಳು. ಬೋಟಿಗೆ ಹೋಗುತ್ತಿದ್ದ ಅವಳ ಗಂಡ ಲೀಲಾಧರ ಟಿಬಿ ಬಂದು ಹಾಸಿಗೆ ಹಿಡಿದಿದ್ದ, ಮದ್ದಿನಿಂದ ಗುಣವಾಗಿದ್ದ. ಸರಸಳಿಗೆ ಮಾತ್ರ ಏನೂ ಆಗಲಿಲ್ಲ. ಅದೇ ತಪ್ಪಾಯಿತು. “ಗಂಡನ ಹತ್ತಿರ ಸುಳಿದಿದ್ದರೆ ತಾನೇ ಬರುವುದು!” ಎಂದು ಲೀಲಾಧರನ ತಂಗಿ ಮೋಕ್ಷಾ ಊರೆಲ್ಲ ಹೇಳಿಕೊಂಡು ಬಂದಿದ್ದಳು.

ಹಾಗಾಗಿ ಪರೀಕ್ಷೆಗೆ ರಕ್ತ ಕೊಡುತ್ತೀರಾ ಎಂದು ಲವಿಟಾ ಮನೆಗೆ ಬಂದು ಕೇಳಿದಾಗ ಸರಸ ಹಿಂದೆಮುಂದೆ ನೋಡದೆ ಕೈ ಚಾಚಿದಳು. ಅವಳ ರಕ್ತದಲ್ಲಿ ಆ ಕಣಗಳು ಬೇರೆ ಯಾರಲ್ಲೂ ಇಲ್ಲದಷ್ಟು ಕಂಡವು. ಸಂತೋಷ ತಡೆಯಲಾರದೆ ಲವಿಟಾ ಫೋನಿನಲ್ಲಿ ಹೇಳಿಯೂಬಿಟ್ಟಳು. ಸಂಜೆಯೊಳಗೆ ಸರಸ ಅದನ್ನು ಮೋಕ್ಷಾಳ ಕಿವಿಗೆ ಮುಟ್ಟಿಸಿದ್ದಳು.

“ಒಮ್ಮೆ ಕಂಡದ್ದನ್ನು ನಂಬಬೇಡ, ಇನ್ನೊಮ್ಮೆ ತೆಗೆ,” ಎಂದರು ಗೈಡ್ ಆಸ್ಟಿನ್ ಸರ್.

ಎರಡನೇ ಸಲದ ರಕ್ತದಲ್ಲಿ ಎಲ್ಲವೂ ಸಾಧಾರಣ. ಲವಿಟಾ ಮೊದಲ ಸಲದ ಫಲಿತಾಂಶವನ್ನು ಮತ್ತೆ ತೆರೆದು ನೋಡಿದಳು. ಆ ದಿನ ಅವಳು ರಕ್ತ ತರುತ್ತಿದ್ದ ಬಸ್ಸು ಉದ್ಯಾವರದ ಬಳಿ ರಸ್ತೆ ಬ್ಲಾಕಿನಲ್ಲಿ ಸಿಕ್ಕಿಬಿದ್ದು, ರಕ್ತ ಸೆಕೆಯಲ್ಲಿ ಬಹಳ ಹೊತ್ತು ಉಳಿದಿತ್ತು. ಕಣಗಳು ಸತ್ತು, ಎನ್‌ಕೆಟಿಯನ್ನು ಗುರುತಿಸಲು ಹಾಕುವ ಬಣ್ಣ ಸತ್ತವಕ್ಕೆಲ್ಲ ಸುಮ್ಮನೆ ಅಂಟಿಕೊಂಡಿತ್ತು. ಸತ್ತವನ್ನು ಬಿಟ್ಟು ನೋಡಿದರೆ ವಿಶೇಷವೇನೂ ಇರಲಿಲ್ಲ.

ಇದನ್ನು ಫೋನಿನಲ್ಲಿ ಹೇಳಲು ಮನಸ್ಸಾಗದೆ ಉಚ್ಚಿಲಕ್ಕೆ ಹೋದಳು.

“ಸರಸಕ್ಕ, ನಾನು ಹೇಳಿದ್ದು ತಪ್ಪು. ನಿಮ್ಮ ರಕ್ತ ಎಲ್ಲರ ಹಾಗೆಯೇ ಉಂಟು.”

ಬುಟ್ಟಿ ತೊಳೆಯುತ್ತಿದ್ದ ಸರಸಳ ಕೈ ನಿಂತಿತು. “ಹಾಗಾದರೆ ನನಗೆ ಯಾಕೆ ಬರಲಿಲ್ಲ?”

“ನನಗೆ ಗೊತ್ತಿಲ್ಲ.”

“ಇನ್ನು ಆ ಮೋಕ್ಷಾಳಿಗೆ ಎಂತ ಹೇಳುವುದು ಮಾರಾಯ್ತಿ?”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಲೀಲಾಧರ ಹೊರಗೆ ಬಂದ. “ನೀನು ಎಂತದ್ದೂ ಹೇಳುವುದು ಬೇಡ. ಕೆಮ್ಮಿದಾಗ ನನ್ನ ಬೆನ್ನು ಉಜ್ಜಿದ್ದು ಯಾರು? ಅದಕ್ಕೆ ರಕ್ತ ಪರೀಕ್ಷೆ ಬೇಕಾ?”

ಅಷ್ಟು ಕಾಲ ತಂಗಿಯೆದುರು ಬಾಯಿ ಬಿಡದಿದ್ದವನು ಅಲ್ಲಿಯೇ ನಿಂತು ಅವಳಿಗೆ ಫೋನ್ ಮಾಡಿದ. ತುಳುವಿನಲ್ಲಿ ಅವನಾಡಿದ್ದು ನಾಲ್ಕೇ ಮಾತು, ದನಿಯನ್ನೂ ಏರಿಸಲಿಲ್ಲ. ಸರಸ ಸೆರಗಿನಿಂದ ಮುಖ ಒರೆಸಿಕೊಂಡಳು.

“ಇನ್ನು ನನ್ನ ರಕ್ತ ನಿನಗೆ ಬೇಡ, ಅಲ್ವಾ?” ಎಂದು ಲವಿಟಾಳನ್ನು ಕೇಳಿದಳು.

“ಬೇಕು ಸರಸಕ್ಕ. ಕಾರಣ ಅದಲ್ಲ ಎಂದು ಗೊತ್ತಾಗುವುದೂ ಗೊತ್ತಾದ ಹಾಗೆಯೇ. ಬೇರೆ ಕಣಗಳನ್ನು ನೋಡಬೇಕು.”

“ಹಾಗಾದರೆ ಬಾ. ಬರುವಾಗ ಊಟಕ್ಕೇ ಬಾ, ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡುತ್ತೇನೆ.”

ಮರುದಿನ ಲವಿಟಾ ಅದುವರೆಗಿನ ಎಲ್ಲರ ಫಲಿತಾಂಶಗಳನ್ನೂ ಮೊದಲಿನಿಂದ ತೆರೆದು, ಸತ್ತ ಕಣಗಳನ್ನು ಬೇರ್ಪಡಿಸುತ್ತ ಕೂತಳು. ಕೆಲವರ ಫಲಿತಾಂಶ ಹಾಗೆಯೇ ಉಳಿಯಿತು, ಕೆಲವರದು ಉಳಿಯಲಿಲ್ಲ.